ಮಲೆನಾಡಿನ ಹೈಡ್ರೇಂಜಿಯ

ಬೇಸಗೆಯ ಕೊನೆಯಲ್ಲಿ ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕಳಸದ ಕಡೆಗೆ ಪ್ರಯಾಣ ಮಾಡಿದವರು ಕಾಫಿ ತೋಟದ ಮನೆಗಳ ಅಂಗಳದಲ್ಲಿ ಒಂದು ಹೂವನ್ನು ಕಂಡಿರಬಹುದು. ಗೇಣಗಲದ ದುಂಡನೆಯ ಗೊಂಚಲು, ಗರಗಸದಂಚಿನ ಅಗಲವಾದ ಎಲೆ, ಮಳೆ ನಿಂತ ಮೇಲಿನ ಆಕಾಶದ ನೀಲಿ. ಇದೇ ಹೈಡ್ರೇಂಜಿಯ. ಇದರ ತವರು ಜಪಾನು. 18ನೆಯ ಶತಮಾನದ ಕೊನೆಯ ವೇಳೆಗೆ ಯೂರೋಪಿನ ತೋಟಗಳನ್ನು ಸೇರಿತು. ನಾವು ದಳಗಳೆಂದು ಭಾವಿಸುವ ಬಣ್ಣದ ಭಾಗ ವಾಸ್ತವವಾಗಿ ಪುಷ್ಪಪತ್ರ. ಆದುದರಿಂದಲೇ ಅದು ಬೇಗ ಉದುರದೆ ವಾರಗಟ್ಟಲೆ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಮೂಡಿಗೆರೆಯ ಬಳಿ ತೋಟವುಳ್ಳ ಸ್ನೇಹಿತರೊಬ್ಬರು ನನಗೆ ಈ ಗಿಡದ ನಾಲ್ಕು ಕಡ್ಡಿಗಳನ್ನು ಕೊಟ್ಟರು. ಮೈಸೂರಿನ ನನ್ನ ಮನೆಯಲ್ಲಿ ಎರಡು ಚಿಗುರಿದುವು. ಬಚ್ಚಲೊಲೆಯ ಬೂದಿಯನ್ನು ಬುಡಕ್ಕೆ ಹಾಕಿ, ಬಾವಿಯ ಗಡಸು ನೀರನ್ನೆರೆದು ಅಕ್ಕರೆಯಿಂದ ಸಾಕಿದೆ. ಹೂವೇನೋ ಬಂದಿತು, ಆದರೆ ತಾವರೆಯ ಕೆಂಪು! ಸ್ನೇಹಿತರು ಒಳ್ಳೆಯ ಜಾತಿಯನ್ನು ತಮಗಿಟ್ಟುಕೊಂಡು ಬೇರೊಂದನ್ನು ಕೊಟ್ಟರೆಂದು ಮನಸ್ಸಿನಲ್ಲಿಯೇ ನೊಂದುಕೊಂಡೆ. ಆ ಸಂದೇಹ ಎಷ್ಟು ಅನ್ಯಾಯವಾದುದೆಂಬುದು ಆಮೇಲೆ ತಿಳಿಯಿತು.

ಈ ಹೂವಿನ ಕೆಂಪಿಗೂ ನೀಲಿಗೂ ಮೂಲವರ್ಣ ಒಂದೇ. ಅದರೊಡನೆ ಅಲ್ಯುಮಿನಿಯಂ ಧಾತು ಕೂಡಿದರೆ ನೀಲಿ, ಕೂಡದಿದ್ದರೆ ಕೆಂಪು. ಅಲ್ಯುಮಿನಿಯಂ ಎಲ್ಲ ಮಣ್ಣಿನಲ್ಲಿಯೂ ಉಂಟು. ಆದರೆ ಮಣ್ಣು ಹುಳಿಯಾಗಿದ್ದರೆ ಮಾತ್ರ ನೀರಿನಲ್ಲಿ ಕರಗಿ ಬೇರಿಗೆ ಸಿಕ್ಕುತ್ತದೆ. ಹುಳಿಯನ್ನಳೆಯುವ ಪಿ.ಎಚ್. ಮಾನದಲ್ಲಿ 7 ಎಂಬುದು ಮಧ್ಯಸ್ಥ. ಅಂಕೆ ಇಳಿದಷ್ಟೂ ಹುಳಿ ಹೆಚ್ಚು. ಸುಮಾರು 5.5ಕ್ಕಿಂತ ಕೆಳಗೆ ಹೂವು ನೀಲಿ, 6.5ಕ್ಕಿಂತ ಮೇಲೆ ಕೆಂಪು, ನಡುವೆ ನೇರಿಳೆ. ಮಲೆನಾಡಿನ ಜಡಿಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ಯುವುದರಿಂದ ಅಲ್ಲಿನ ನೆಲ ಹುಳಿಯಾಗುತ್ತದೆ. ನಾನೋ ಬೂದಿಯಿಂದಲೂ ಗಡಸು ನೀರಿನಿಂದಲೂ ಆ ಹುಳಿಯನ್ನು ಕೊಂದಿದ್ದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಬುಡವೂ ಇದನ್ನೇ ಮಾಡುತ್ತದೆ. ಬಿಳಿಯ ಜಾತಿಗಳಿಗೆ ಮಾತ್ರ ಈ ಮಾರ್ಪಾಡಿಲ್ಲ.

ಬೆಳೆಸುವ ಕ್ರಮ ಸುಲಭವಾದುದು. ಮಳೆಗಾಲದಲ್ಲಿ ಹೂವಿಲ್ಲದ ರೆಂಬೆಯಿಂದ ಎರಡು ಮೂರು ಗಿಣ್ಣುಗಳುಳ್ಳ ಕಡ್ಡಿಯನ್ನು ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನವನ್ನು ಅರ್ಧಕ್ಕೆ ಮೊಟಕುಮಾಡಿ, ಮರಳು ಬೆರೆಸಿದ ಎಲೆಗೊಬ್ಬರದಲ್ಲಿ ನೆಡಬೇಕು. ನೆರಳಿನಲ್ಲಿ ತಿಂಗಳೊಂದರೊಳಗೆ ಬೇರು ಬಿಡುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಬುಡ ಯಾವಾಗಲೂ ತಂಪಾಗಿರಬೇಕು, ನೀರು ಮಾತ್ರ ನಿಲ್ಲಬಾರದು. ಬಯಲುಸೀಮೆಯವರು ಕುಂಡದಲ್ಲಿ ಬೆಳೆಸಿ ಮಳೆಯ ನೀರನ್ನು ಕೂಡಿಟ್ಟು ಎರೆಯುವುದು ಮೇಲು. ನೀಲಿ ಬೇಕೆಂದರೆ ಬೂದಿ, ಸುಣ್ಣ, ಎಲುಬಿನ ಹುಡಿ ಇವುಗಳನ್ನು ದೂರವಿಡತಕ್ಕದ್ದು. ಎಲುಬಿನ ಹುಡಿಯ ರಂಜಕವು ಅಲ್ಯುಮಿನಿಯಮ್ಮನ್ನು ಕಟ್ಟಿಹಾಕುತ್ತದೆ. ನಾಲ್ಕು ಲೀಟರ್ ನೀರಿಗೆ ಸುಮಾರು 15 ಗ್ರಾಂ ಅಲ್ಯುಮಿನಿಯಂ ಸಲ್ಫೇಟು ಕರಗಿಸಿ, ಬೆಳೆಯುವ ಕಾಲದಲ್ಲಿ ಆಗಾಗ್ಗೆ ಒದ್ದೆ ಮಣ್ಣಿಗೆ ಎರೆಯಬಹುದು. ಹೂ ಮುಗಿದ ಕೂಡಲೇ ಸವರಬೇಕು. ತಡಮಾಡಿದರೆ ಮುಂದಿನ ವರ್ಷದ ಮೊಗ್ಗುಗಳೇ ಕತ್ತರಿಗೆ ಬಲಿಯಾಗುತ್ತವೆ. ಎಲೆಯಲ್ಲಿ ವಿಷಾಂಶವಿರುವುದರಿಂದ ದನಕರುಗಳಿಗೂ ಮಕ್ಕಳಿಗೂ ಎಟುಕದಂತೆ ನೋಡಿಕೊಳ್ಳಬೇಕು.

ಹೀಗೆ ಮಾಡಿದ ಮೇಲೆ ನನ್ನ ಗಿಡ ಮರುವರ್ಷ ನೇರಿಳೆಯಾಯಿತು, ಮೂರನೆಯ ವರ್ಷ ನೀಲಿಯಾಯಿತು. ನಾನು ಮೂಡಿಗೆರೆಗೆ ಹೋಗಿ, ಸ್ನೇಹಿತರೆದುರು ನನ್ನ ಸಂದೇಹವನ್ನೂ ಅದರ ಪರಿಹಾರವನ್ನೂ ಒಪ್ಪಿಸಿದೆ. ಅವರು ನಗಲಿಲ್ಲ, ಅಂಗಳದ ನೀಲಿಯನ್ನೇ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಗಳದ ಪಕ್ಕದ ಕಾಫಿ ಪಟ್ಟೆಗೆ ವರ್ಷಗಳಿಂದ ಸುಣ್ಣ ಹಾಕಿರಲಿಲ್ಲ, ಗಿಡಗಳು ಸೊರಗುತ್ತಿದ್ದುವು. ಕಾಫಿಗೆ ಹಿತವಾದ ಮಾನ 6ರಿಂದ 6.5. ಮಣ್ಣಿನ ಹುಳಿ ಮಿತಿಮೀರಿದಾಗ ಹೈಡ್ರೇಂಜಿಯಕ್ಕೆ ನೀಲಿಯನ್ನೀಯುವ ಆ ಅಲ್ಯುಮಿನಿಯಮ್ಮೇ ಕಾಫಿಯ ಎಳೆಬೇರನ್ನು ಮೊಂಡಾಗಿಸುತ್ತದೆ. “ನೀವು ಹಾಳುಮಾಡಿದ ಬೂದಿ ನನ್ನ ತೋಟಕ್ಕೆ ಬೇಕಾಗಿತ್ತು” ಎಂದರು. ಆ ವಾರವೇ ಪಟ್ಟೆಯ ಮಣ್ಣನ್ನು ಪರೀಕ್ಷೆಗೆ ಕಳುಹಿಸಿದರು.

ಹೂವಿನ ಬಣ್ಣ ಪರೀಕ್ಷೆಯ ಬದಲಿಗೆ ನಿಲ್ಲತಕ್ಕದ್ದಲ್ಲ. ಪರೀಕ್ಷೆ ಮಾಡಿಸಿರೆಂಬ ಸೂಚನೆ ಮಾತ್ರ. ಆದರೂ ತೋಟಗಾರನ ಬಾಗಿಲಲ್ಲಿ ಇಷ್ಟು ಚೆಲುವಾಗಿ ನಿಂತು ನೆಲದ ಸಂಗತಿಯನ್ನು ಹೇಳುವ ಸಾಕ್ಷಿ ಬೇರೊಂದು ದೊರೆಯುವುದು ಕಷ್ಟ. ಕೇಳುಗರಲ್ಲಿ ಯಾರ ಮನೆಯ ನೀಲಿಯಾದರೂ ಕೆಂಪಾಗಿದ್ದರೆ, ಕಡ್ಡಿ ಕೊಟ್ಟವರನ್ನು ಶಂಕಿಸುವ ಮುನ್ನ ಬುಡದ ಮಣ್ಣನ್ನೊಮ್ಮೆ ವಿಚಾರಿಸಬೇಕೆಂದು ನನ್ನ ಬಿನ್ನಹ.