ಒಂದೇ ಉತ್ತರ ಸಾಕೇ?

ಊರಲ್ಲಿ ಎರಡು ಗುಂಪುಗಳ ನಡುವೆ ಜಗಳವಾದರೆ ಸಂಜೆಯೊಳಗೆ ಮೊಬೈಲಿಗೆ ಸಂದೇಶ ಬರುತ್ತದೆ: "ಅವರೆಲ್ಲ ಹಾಗೇ." ಈ 'ಎಲ್ಲ' ಎಂಬ ಮಾತೇ ಪೂರ್ವಗ್ರಹ. ಅದನ್ನು ಕರಗಿಸಲು ಉಪದೇಶವೊಂದೇ ಸಾಲದು, ಹೊಸದಾಗಿ ಯೋಚಿಸುವ ಶಕ್ತಿಯೂ ಬೇಕು.

ರಿಚರ್ಡ್ ಕ್ರಿಸ್ಪ್ ಮತ್ತು ರಿಯಾನನ್ ಟರ್ನರ್ ಎಂಬ ಮನೋವಿಜ್ಞಾನಿಗಳು 2009ರಲ್ಲಿ ಒಂದು ಸರಳ ಉಪಾಯ ಹೇಳಿದರು. ಬೇರೆ ಗುಂಪಿನ ಅಪರಿಚಿತರೊಬ್ಬರ ಜೊತೆ ಸಂತೋಷದಿಂದ ಮಾತಾಡಿದಂತೆ ಸ್ವಲ್ಪ ಹೊತ್ತು ಕಲ್ಪಿಸಿಕೊಂಡರೂ ಅವರ ಬಗ್ಗೆ ಇರುವ ಅಳುಕು ಕಡಿಮೆಯಾಗಬಹುದು. ಅಳುಕು ಕಡಿಮೆಯಾದರೆ ನಿಜವಾಗಿ ಮಾತಾಡಿಸಲು ಧೈರ್ಯ ಬರುತ್ತದೆ.

ಕೃಷ್ಣೆಯ ದಂಡೆಯ ನಮ್ಮ ಹಿರಿಯರು ಇನ್ನೂ ಮುಂದೆ ಹೋಗಿದ್ದರು. ತಿಂಥಣಿಯ ಮೌನೇಶ್ವರರು ಹಿಂದೂಗಳ ದೇವರೋ, ಮುಸ್ಲಿಮರ ಪೀರರೋ? ಕೇಳುವವರು ಒಂದೇ ಉತ್ತರ ಬಯಸುತ್ತಾರೆ. ಇಲ್ಲಿನ ಜನ ಎರಡಕ್ಕೂ ಹೌದು ಎಂದರು. ಜಾತ್ರೆಯ ಜಯಘೋಷದಲ್ಲಿ 'ಲಾಖ್', 'ಹಜಾರ್', 'ಪೀರ್' ಎಂಬ ಮಾತುಗಳಿವೆ. ನಮ್ಮ ಮನೆಯಲ್ಲಿ ಅಮ್ಮಿ ದಿನಾ ಆಡುವ ಉರ್ದು ಮಾತುಗಳೇ ಅಲ್ಲಿ ಕನ್ನಡದ ಭಕ್ತರ ಬಾಯಲ್ಲಿ ಕೇಳುತ್ತವೆ.

ಕಲ್ಪನೆ ನ್ಯಾಯಕ್ಕೆ ಬದಲಿಯಲ್ಲ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಒಬ್ಬನ ತಪ್ಪನ್ನು ಇಡೀ ಸಮುದಾಯದ ಖಾತೆಗೆ ಬರೆಯಬಾರದು. ಲೆಕ್ಕಶಾಸ್ತ್ರದಲ್ಲಿ ಒಂದೇ ಬದಿ ಬರೆದರೆ ತಾಳೆ ಸಿಗುವುದಿಲ್ಲ ಎಂದು ನಾವು ಓದುತ್ತೇವಲ್ಲ, ಜಗಳದ ಲೆಕ್ಕವೂ ಹಾಗೆಯೇ.

ಸ್ನೇಹಿತರೇ, ಮುಂದೆ ಅಂಥ ಸಂದೇಶ ಬಂದಾಗ ಕಳಿಸುವ ಮೊದಲು ಆ ಸಮುದಾಯದ ಒಬ್ಬ ಪರಿಚಿತರ ಮುಖ ನೆನೆಯಿರಿ. ಆ ಮಾತು ಅವರಿಗೆ ಹೊಂದದಿದ್ದರೆ ಅಲ್ಲಿಯೇ ಅಳಿಸಿಬಿಡಿ.