ಮಾಳಿಗೆಯ ಮೇಲಿನ ನೊರೆ: ಮನೆ ಕೊಳ್ಳುವವರಿಗೆ ನಾಲ್ಕು ಮಾತು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊರು ಬಿಟ್ಟು ಬಂದ ನಮ್ಮಂಥ ಸಂಬಳದವರಿಗೆ ಕಟ್ಟುವ ಯೋಗ ಎಲ್ಲಿಯದು? ಯಾರೋ ಕಟ್ಟಿ, ಯಾರೋ ಬಾಳಿದ ಮನೆಯನ್ನು ಕೊಳ್ಳುವುದೇ ನಮ್ಮ ಪಾಲಿಗೆ ಬಂದದ್ದು. ಹಾಗೆ ಕೊಳ್ಳುವಾಗ ವಾಸ್ತು ನೋಡುತ್ತೇವೆ, ನೀರು ನೋಡುತ್ತೇವೆ, ಮಕ್ಕಳ ಶಾಲೆ ಎಷ್ಟು ದೂರವೆಂದು ವಿಚಾರಿಸುತ್ತೇವೆ, ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತೇವೆ. ಮಾಳಿಗೆಯನ್ನು ಹತ್ತಿ ನೋಡುವವರು ಮಾತ್ರ ವಿರಳ. ಹತ್ತಿದರೂ ಸುತ್ತಣ ನೋಟಕ್ಕೆ ಸಂತೋಷಪಟ್ಟು ಇಳಿದುಬಿಡುವುದೇ ಹೆಚ್ಚು. ಹೈದರಾಬಾದಿನಲ್ಲಿ ಬೇಸಗೆಯನ್ನು ಕಳೆಯಬೇಕಾದವರು ಹೀಗೆ ಮಾಡಲಾಗದು.

ನಮ್ಮಲ್ಲಿ ಅನೇಕರ ಹಿರಿಯರು ಕಲಬುರಗಿ, ರಾಯಚೂರು, ಬೀದರ ಕಡೆಯವರು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವಷ್ಟೆ. ಅಲ್ಲಿಯ ಹಳೆಯ ಮಾಳಿಗೆಮನೆಗಳನ್ನು ನೆನೆಯಿರಿ. ತೊಲೆ, ಜಂತಿ, ಹಲಗೆ, ಅದರ ಮೇಲೆ ದಪ್ಪನಾದ ಮಣ್ಣು. ಮಳೆಗಾಲಕ್ಕೆ ಮುನ್ನ ಸವುಳುಮಣ್ಣು ಹರಡಿ ಮಾಳಿಗೆಯನ್ನು ಗಟ್ಟಿ ಮಾಡುವುದು ಪ್ರತಿ ಮನೆಯ ಕೆಲಸವಾಗಿತ್ತು. ವೈಶಾಖದ ಮಧ್ಯಾಹ್ನದಲ್ಲಿಯೂ ಒಳಗೆ ತಂಪು. ಸೋರಿದರೆ ಆ ರಾತ್ರಿಯೇ ತಿಳಿಯುತ್ತಿತ್ತು. ಪಾತ್ರೆಯೊಂದನ್ನು ಕೆಳಗಿಟ್ಟು, ಬೆಳಗಾದ ಮೇಲೆ ಮೇಲೆ ಹೋಗಿ ಮಣ್ಣು ಮೆತ್ತಿದರೆ ಮುಗಿಯಿತು. ಆ ಮಾಳಿಗೆಗೆ ಗುಟ್ಟೆಂಬುದೇ ಇರಲಿಲ್ಲ.

ಈಗಿನದು ನಾಲ್ಕೈದು ಅಂಗುಲದ ಕಾಂಕ್ರೀಟಿನ ಸ್ಲ್ಯಾಬು. ಗಟ್ಟಿಮುಟ್ಟೇನೋ ಹೌದು, ಆದರೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ನಮ್ಮ ತಲೆಯ ಮೇಲೆ ಉಗುಳುವುದು ಅದರ ಸ್ವಭಾವ. ಮೇಲಂತಸ್ತಿನಲ್ಲಿ ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ ಬರುವುದಕ್ಕೆ ಇದೇ ಕಾರಣ.

ಇದಕ್ಕೆ ಈಚಿನ ವರ್ಷಗಳಲ್ಲಿ ಬಂದಿರುವ ಮದ್ದುಗಳಲ್ಲೊಂದು ‘ಪಿ.ಯು. ಫೋಮ್’, ಅಂದರೆ ಪಾಲಿಯುರಿಥೇನ್ ನೊರೆ. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಎಂಬ ರಸಾಯನಜ್ಞ ಮತ್ತು ಆತನ ಜೊತೆಗಾರರು ಕಂಡುಹಿಡಿದ ಪದಾರ್ಥವಿದು. ಎರಡು ದ್ರವಗಳನ್ನು ಯಂತ್ರದ ನಳಿಗೆಯಲ್ಲಿ ಬೆರೆಸಿ ಸಿಂಪಡಿಸುತ್ತಾರೆ. ಬಿದ್ದ ಕೆಲವೇ ಕ್ಷಣಗಳಲ್ಲಿ ಅದು ದೋಸೆಹಿಟ್ಟಿನಂತೆ ಉಬ್ಬಿ ಗಟ್ಟಿಯಾಗುತ್ತದೆ. ಒಳಗೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗೂಡುಗಳು. ಅವುಗಳಲ್ಲಿ ಸೆರೆಯಾದ ಅನಿಲವೇ ಶಾಖವನ್ನು ತಡೆಯುವುದು. ಒಂದು ಅಂಗುಲದ ಇಂಥ ನೊರೆ ತಡೆಯುವಷ್ಟು ಶಾಖವನ್ನು ಬರಿಯ ಕಾಂಕ್ರೀಟಿನಿಂದ ತಡೆಯಬೇಕಾದರೆ ನಾಲ್ಕೈದು ಅಡಿ ದಪ್ಪ ಬೇಕಾದೀತು! ಆದುದರಿಂದ ನೊರೆಯ ಗುಣವನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಕಛೇರಿಯ ಮಿತ್ರರೊಬ್ಬರು ಬಿರುಕುಗಳನ್ನು ಮುಚ್ಚಿಸಿ, ಸ್ಲ್ಯಾಬು ಚೆನ್ನಾಗಿ ಒಣಗಿದ ಮೇಲೆ ನೊರೆ ಹಾಕಿಸಿ, ಮೇಲೆ ಗಾರೆಯ ಹೊದಿಕೆ ಕೊಡಿಸಿದ್ದಾರೆ. ಅವರ ಮನೆ ಮೇ ತಿಂಗಳಲ್ಲಿಯೂ ಹಿತವಾಗಿದೆ.

ಆದರೆ ಪ್ರಶ್ನೆ ನೊರೆಯದಲ್ಲ, ನೊರೆಯ ಕೆಳಗಿರುವುದರದು. ಕಳೆದ ಬೇಸಗೆಯಲ್ಲಿ ನಾವು ಮಲ್ಕಾಜಗಿರಿಯ ಕಡೆ ಒಂದು ಹಳೆಯ ಮನೆಯನ್ನು ನೋಡಲು ಹೋಗಿದ್ದೆವು. ಮನೆಯಾಕೆಗೆ ಅಡಿಗೆಮನೆ ಹಿಡಿಸಿತು, ನನಗೆ ಬೆಲೆ ಹಿಡಿಸಿತು. ಮಧ್ಯಾಹ್ನ ಮೂರು ಗಂಟೆಗೂ ಒಳಗೆ ಧಗೆಯಿಲ್ಲ. ಮೇಲೆ ಬೆಳ್ಳಗೆ ಬಣ್ಣ ಬಳಿದ ನೊರೆಯ ಹಾಸು. ನಮ್ಮೊಡನೆ ಬಂದಿದ್ದ ರಾಯಚೂರಿನ ಮೇಸ್ತ್ರಿ ಮಾತ್ರ ಮೆಚ್ಚಲಿಲ್ಲ. ಒಳಗೆ ಹೋಗಿ ಕೋಲಿನಿಂದ ಛಾವಣಿಯನ್ನು ತಟ್ಟಿದ. ಎರಡು ಕಡೆ ಪೊಳ್ಳು ಸದ್ದು ಬಂತು. ಫ್ಯಾನಿನ ಕೊಂಡಿಯ ಸುತ್ತ ತುಕ್ಕಿನ ಕಲೆ. ಮೂಲೆಯಲ್ಲಿ ಮಾತ್ರ ಹೊಸ ಬಣ್ಣ. “ಸಾಹೇಬ್ರ, ಮ್ಯಾಲ ಹೊದಿಕಿ ಚಂದ ಐತ್ರಿ. ರೋಗಿ ಹ್ಯಾಂಗದಾನ ಅನ್ನೂದು ಹೊದಿಕಿ ತಗದ ಮ್ಯಾಲ ತಿಳೀತದ” ಎಂದ.

ನಮ್ಮ ಖರ್ಚಿನಲ್ಲಿಯೇ ಮರಳಿ ಮುಚ್ಚಿಸಿಕೊಡುವುದಾಗಿ ಹೇಳಿ, ನೀರು ಹೋಗುವ ಕಿಂಡಿಯ ಬಳಿ ಒಂದು ಚದರ ಅಡಿ ಕತ್ತರಿಸಿ ನೋಡಲು ಅನುಮತಿ ಕೇಳಿದೆವು. ಮನೆಯೊಡೆಯರು ಒಂದು ವಾರ ಯೋಚಿಸಿ ಒಪ್ಪಿದರು. ನೊರೆಯನ್ನು ಕಿತ್ತಾಗ ಕೆಳಗೆ ಸ್ಲ್ಯಾಬು ಒದ್ದೆ. ಬೆರಳು ತೂರುವ ಬಿರುಕು. ಅದರ ಆಚೆ ಈಚೆ ತುಕ್ಕಿನ ಕೆಂಪು. ಎಂದೋ ಒಳಹೊಕ್ಕ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲಿಯೇ ನಿಂತು ಕಬ್ಬಿಣವನ್ನು ತಿನ್ನುತ್ತಿತ್ತು. ತುಕ್ಕು ಹಿಡಿದ ಸರಳು ಊದಿಕೊಳ್ಳುತ್ತದೆ, ಊದಿಕೊಂಡು ಕಾಂಕ್ರೀಟನ್ನು ಒಡೆಯುತ್ತದೆ. ಪ್ರಾವಿಡೆಂಟ್ ಫಂಡಿನ ಹಣ, ಮನೆಯಾಕೆಯ ಬಳೆ, ಇಪ್ಪತ್ತು ವರ್ಷದ ಕಂತು ಇವೆಲ್ಲ ಆ ಒಂದು ಚದರ ಅಡಿಯ ಮೇಲೆ ನಿಂತಿದ್ದವು. ನಾವು ನಮಸ್ಕಾರ ಹೇಳಿ ಬಂದೆವು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ಇದೇ ತೊಡಕು ಇನ್ನೊಂದು ರೂಪದಲ್ಲಿದೆ. ಅಲ್ಲಿಯ ಛಾವಣಿ ಮರದ್ದು. ಚಳಿ ತಡೆಯಲೆಂದು ನೊರೆಯನ್ನು ಒಳಗಿನಿಂದ ಸಿಂಪಡಿಸುತ್ತಾರೆ. ತೇವ ಸೇರಿ ಮರ ಕೊಳೆತರೆ ಕಾಣುವುದಿಲ್ಲ, ಪರೀಕ್ಷಕನು ನೋಡಿ ಹೇಳುವಂತೆಯೂ ಇಲ್ಲ. ಅಲ್ಲಿಯ ದೊಡ್ಡ ಸಾಲದಾತ ಸಂಸ್ಥೆಗಳಲ್ಲಿ ಕಾಲುಪಾಲು ಇಂಥ ಮನೆಗಳ ಮೇಲೆ ಸಾಲವನ್ನೇ ಕೊಡುವುದಿಲ್ಲವೆಂದು 2024ರಲ್ಲಿ ಬಿ.ಬಿ.ಸಿ. ವರದಿ ಮಾಡಿತು. ಅಲ್ಲಿ ಮರ, ಇಲ್ಲಿ ಕಬ್ಬಿಣ. ಎರಡು ಕಡೆಯೂ ಭಯ ಒಂದೇ, ಮುಚ್ಚಿದ್ದು ಕಾಣದೆಂಬುದು.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಮೊದಲನೆಯದಾಗಿ, ನೊರೆ ಯಾವ ವರ್ಷ ಹಾಕಿದ್ದು, ಎಷ್ಟು ದಪ್ಪ, ಹಾಕುವ ಮುಂಚೆ ಸ್ಲ್ಯಾಬಿಗೆ ಏನು ರಿಪೇರಿಯಾಯಿತು ಎಂದು ಕೇಳಿ, ರಸೀದಿಯನ್ನೂ ಗ್ಯಾರಂಟಿಯ ಕಾಗದವನ್ನೂ ನೋಡಬೇಕು. ಗ್ಯಾರಂಟಿ ಹೊಸ ಒಡೆಯನ ಹೆಸರಿಗೆ ಬರುತ್ತದೆಯೇ ಎಂಬುದನ್ನೂ ವಿಚಾರಿಸಬೇಕು. ಎರಡನೆಯದಾಗಿ, ಮೇಲಿನ ರಕ್ಷಣೆ. ಬಿಸಿಲು ನೇರವಾಗಿ ಬಿದ್ದರೆ ನೊರೆ ಹಳದಿಗಟ್ಟಿ ಪುಡಿಯಾಗುತ್ತದೆ. ಬಣ್ಣದ ಲೇಪವನ್ನಾಗಲಿ ಗಾರೆಯನ್ನಾಗಲಿ ಸುಸ್ಥಿತಿಯಲ್ಲಿಟ್ಟಿರಬೇಕು. ಬರಿಯ ಬಣ್ಣ ಬಳಿದ ನೊರೆಯ ಮೇಲೆ ಸಂಡಿಗೆ ಹಪ್ಪಳ ಹಾಕಲು ದಿನವೂ ಓಡಾಡಿದರೆ ತಗ್ಗು ಬೀಳುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನೀರಿನ ಟ್ಯಾಂಕಿಗೋ ಸೌರ ಹೀಟರಿಗೋ ಕೊರೆದ ತೂತುಗಳನ್ನು ವಿಶೇಷವಾಗಿ ನೋಡಬೇಕು. ಮೂರನೆಯದಾಗಿ, ಬೆಂಕಿ. ಪಾಲಿಯುರಿಥೇನ್ ಉರಿದರೆ ಬರುವ ಹೊಗೆ ವಿಷ. ಆದ್ದರಿಂದ ಒಳಛಾವಣಿಗೆ ಸಿಂಪಡಿಸಿ ಹಾಗೆಯೇ ಬಿಟ್ಟ ನೊರೆಯನ್ನು ಒಪ್ಪಬಾರದು. ಹೊಸದಾಗಿ ಸಿಂಪಡಿಸುವಾಗ ಉಬ್ಬಸದವರೂ ಮಕ್ಕಳೂ ಮನೆಯಲ್ಲಿರಕೂಡದು.

ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಮಾತಿದೆ. 2016ರ ರೇರಾ ಕಾನೂನು ಮಾಳಿಗೆಯನ್ನು ಎಲ್ಲರಿಗೂ ಸೇರಿದ ಜಾಗವೆಂದೇ ಎಣಿಸುತ್ತದೆ. ಮೇಲಂತಸ್ತಿನವರು ತಮ್ಮ ಖರ್ಚಿನಲ್ಲಿ ನೊರೆ ಹಾಕಿಸಿದ್ದರೆ, ಅದಕ್ಕೆ ಸಂಘದ ಠರಾವು ಇದೆಯೇ, ನಾಳೆ ಸೋರಿದರೆ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ನೋಡಿಕೊಳ್ಳಿ. ಬಾಯಿಮಾತು ಕಡತಕ್ಕೆ ಏರುವುದಿಲ್ಲವೆಂಬುದು ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು.

ತಂಪಿಗೆ ನೊರೆಯೊಂದೇ ದಾರಿಯಲ್ಲ. 2017ರಲ್ಲಿ ಇದೇ ನಗರದ ದೇವರಕೊಂಡ ಬಸ್ತಿಯ 25 ಬಡಮನೆಗಳ ಮೇಲೆ ಬಿಸಿಲನ್ನು ಹಿಂದಿರುಗಿಸುವ ಬಿಳಿಯ ಹೊದಿಕೆ ಹಾಸಿ ಪರೀಕ್ಷಿಸಿದಾಗ ಒಳಗಿನ ಉಷ್ಣತೆ ಸರಾಸರಿ 2 ಡಿಗ್ರಿ ಇಳಿಯಿತು. 2023ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ ತಂಪು ಛಾವಣಿಯ ನೀತಿಯನ್ನೇ ಹೊರಡಿಸಿ, 600 ಚದರ ಗಜ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ವಾಸದ ಕಟ್ಟಡಗಳಿಗೆ ಅದನ್ನು ಕಡ್ಡಾಯ ಮಾಡಿತು. ಚಿಕ್ಕ ಮನೆಯವರಿಗೆ ಸುಣ್ಣವಿದೆ. ಬೇಸಗೆಗೆ ಮುನ್ನ ಮಾಳಿಗೆಯನ್ನು ತೊಳೆದು ಅಂಟು ಬೆರೆಸಿದ ಸುಣ್ಣವನ್ನು ಎರಡು ಬಾರಿ ಬಳಿದರೆ ಬಿಸಿಲಿನ ಹೆಚ್ಚು ಪಾಲು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಮಳೆಗೆ ತೊಳೆದುಹೋದೀತು, ಮರುವರ್ಷ ಮತ್ತೆ ಬಳಿಯಬೇಕಾದೀತು. ಆದರೆ ಬಿರುಕು ಬಿಟ್ಟರೆ ಸುಣ್ಣ ಅದನ್ನು ಬಚ್ಚಿಡುವುದಿಲ್ಲ.

ನೊರೆಯಿರುವ ಮನೆಯನ್ನು ಕೊಳ್ಳಬೇಡಿರೆಂದು ನಾನು ಹೇಳುತ್ತಿಲ್ಲ. ಮುಂಗಡ ಕೊಡುವ ಮುನ್ನ ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಸಾಧ್ಯವಾದರೆ ಒಂದು ಮಳೆ ಬಿದ್ದ ಮರುದಿನ ಹೋಗಿ. ಹತ್ತಿ ನೋಡಿ, ತಟ್ಟಿ ನೋಡಿ, ಅನುಮಾನವಿದ್ದರೆ ಕತ್ತರಿಸಿ ನೋಡಿ. ಮೇಸ್ತ್ರಿಗೆ ಕೊಡುವ ಒಂದು ದಿನದ ಕೂಲಿ ಇಪ್ಪತ್ತು ವರ್ಷದ ನಿದ್ದೆಯನ್ನು ಉಳಿಸೀತು.