ವಾರಕ್ಕೊಂದು ಕಂತು, ವಾರಕ್ಕೊಂದು ತೀರ್ಪು

ಧಾರಾವಾಹಿ ಮುಗಿಯುವ ಮೊದಲೇ ಅದು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಹೇಳಿಬಿಡಬಹುದೇ? ವಾರಪತ್ರಿಕೆಗಳ ಕಾದಂಬರಿಗಳನ್ನು ಕಂತುಕಂತಾಗಿ ಓದಿದ ನಮ್ಮವರಿಗೆ ಈ ಪ್ರಶ್ನೆ ಹೊಸದಲ್ಲ. ಜಪಾನಿನ ‘ಅನಿಮೆ’ ಪ್ರೇಕ್ಷಕರಿಗಂತೂ ಇದು ಪ್ರತಿ ವಾರದ ಪ್ರಶ್ನೆ.

ಅನಿಮೆ ಎಂದರೆ ಜಪಾನಿನ ಆನಿಮೇಷನ್ ಚಿತ್ರ. ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ 1963ರ ಜನವರಿ 1ರಂದು ಫ್ಯೂಜಿ ಟಿ.ವಿ.ಯಲ್ಲಿ ಆರಂಭವಾಯಿತು. ವಾರಕ್ಕೆ ಅರ್ಧ ಗಂಟೆಯ ಒಂದು ಕಂತು. ಅಷ್ಟು ಬೇಗ ಸಾವಿರಾರು ಚಿತ್ರ ಬರೆಯುವುದು ಸುಲಭವಲ್ಲ. ಚಿತ್ರಗಳ ಸಂಖ್ಯೆ ಇಳಿಸಿ, ಒಮ್ಮೆ ಬರೆದದ್ದನ್ನೇ ಮತ್ತೆ ಬಳಸಿ ತೆಜುಕಾ ದಾರಿ ಕಂಡುಕೊಂಡರು. ವಾರಕ್ಕೊಂದು ಕಂತಿನ ಪದ್ಧತಿ ಹೀಗೆ ಬೇರೂರಿತು.

ಅಲ್ಲಿ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್‌ನಲ್ಲಿ ಹೊಸ ಸರಣಿಗಳು ಶುರುವಾಗುತ್ತವೆ. ಮೂರು ತಿಂಗಳ ಒಂದು ಋತುವಿಗೆ ಸುಮಾರು 12 ಅಥವಾ 13 ಕಂತು. ಒಂದೇ ಋತುವಿನಲ್ಲಿ ಹತ್ತಾರು ಸರಣಿಗಳು ಬರುವುದರಿಂದ ಎಲ್ಲವನ್ನೂ ನೋಡಲಾಗದು. ಮೂರು ಕಂತು ನೋಡಿ, ಹಿಡಿಸದಿದ್ದರೆ ಬಿಡುವುದು ಅನೇಕ ಅಭಿಮಾನಿಗಳ ರೂಢಿ. ಉಳಿಸಿಕೊಂಡದ್ದರ ಬಗ್ಗೆ ವಾರವಾರವೂ ವಿಮರ್ಶೆ ನಡೆಯುತ್ತದೆ.

ಆದರೆ ಅವಸರದ ತೀರ್ಪು ದುಬಾರಿಯೂ ಆಗಬಹುದು. ಯೊಶಿಯುಕಿ ತೊಮಿನೊ ನಿರ್ದೇಶಿಸಿದ ‘ಮೊಬೈಲ್ ಸೂಟ್ ಗುಂಡಮ್’ 1979ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಯುದ್ಧವನ್ನು ಒಳಿತು ಕೆಡುಕುಗಳ ಸರಳ ಕಾಳಗವೆಂದು ತೋರಿಸದ ಕಥೆ ಅದು. ನೋಡುಗರು ಕಡಿಮೆಯಾದರು; 52 ಕಂತುಗಳ ಯೋಜನೆ 1980ರ ಜನವರಿಯಲ್ಲಿ 43ಕ್ಕೇ ನಿಂತಿತು. ಮರುಪ್ರಸಾರದಲ್ಲಿ ಜನ ಅದನ್ನು ಮತ್ತೆ ಕಂಡರು. ಅದರ ಯಂತ್ರಮಾನವರ ಪ್ಲಾಸ್ಟಿಕ್ ಮಾದರಿಗಳು ಭರದಿಂದ ಮಾರಾಟವಾದವು. 1981-82ರಲ್ಲಿ ಅದೇ ಕಥೆ ಮೂರು ಚಲನಚಿತ್ರಗಳಾಗಿ ತೆರೆಗೆ ಬಂತು. 2025ರಲ್ಲೂ ಗುಂಡಮ್ ಹೆಸರಿನ ಹೊಸ ಸರಣಿ ಪ್ರಸಾರವಾಗಿದೆ.

ಇದರ ತಿರುವುಮುರುವೂ ಉಂಟು. 1995ರ ಅಕ್ಟೋಬರ್‌ನಲ್ಲಿ ಶುರುವಾದ ‘ನಿಯಾನ್ ಜೆನೆಸಿಸ್ ಇವಾಂಜೆಲಿಯನ್’ ವಾರವಾರವೂ ಕುತೂಹಲ ಬೆಳೆಸಿತು. 26 ಕಂತುಗಳಲ್ಲಿ ಕೊನೆಯ ಎರಡು ಕಥೆಯ ಗಂಟು ಬಿಡಿಸದೆ ನಾಯಕನ ಮನಸ್ಸಿನೊಳಗೇ ಉಳಿದಾಗ ಅನೇಕರು ಸಿಟ್ಟಾದರು. 1997ರಲ್ಲಿ ಬೇರೊಂದು ಮುಕ್ತಾಯ ಚಲನಚಿತ್ರವಾಗಿ ಬಂತು.

ಹಾಗೆಂದು ಕಂತಿನ ವಿಮರ್ಶೆ ವ್ಯರ್ಥವಲ್ಲ. ಮುಂದೇನೆಂದು ತಿಳಿಯದೆ ನೋಡಿದವನ ಆತಂಕ, ಊಹೆ, ಬೇಸರಗಳನ್ನು ಅದು ಮಾತ್ರವೇ ದಾಖಲಿಸಬಲ್ಲದು. ಅಂತ್ಯ ಬಲ್ಲವನಿಗೆ ಅವು ಮತ್ತೆ ಸಿಗವು. ಅದನ್ನು ದಿನಚರಿಯಂತೆ ಓದಬೇಕು. ತೀರ್ಪಿಗೆ ಮಾತ್ರ ಕಡೆಯ ಕಂತಿನವರೆಗೆ ಕಾಯಬೇಕು. ಗುಂಡಮ್‌ನಂಥ ಕಥೆಗೆ ಆಮೇಲೂ ಸ್ವಲ್ಪ ಕಾಲ.